ಮುರುಕು ಮಂತ್ರದಂಡ ಯಾರ ಕೈಯಲ್ಲಿ ಮುರಿಯಬೇಕು?

ಜಾದೂ ಶೋ ಮುಗಿದ ಮೇಲೆ ಮಕ್ಕಳು ಮೇಜಿನ ಸುತ್ತ ಸೇರಿಕೊಳ್ಳುತ್ತಾರೆ. ಆಗ ಅವರು ಯಾವುದರ ಬಗ್ಗೆ ಕೇಳುತ್ತಾರೆ ಅನ್ನೋದು ಬಹಳ ದಿನದಿಂದ ನನ್ನ ತಲೆ ಕೊರೆಯುತ್ತಿರುವ ವಿಷಯ. ತಿಂಗಳುಗಟ್ಟಲೆ ಕನ್ನಡಿ ಮುಂದೆ ಕೂತು ಕಲಿತ ನಾಣ್ಯದ ಕೈಚಳಕದ ಬಗ್ಗೆ ಯಾರೂ ಕೇಳುವುದಿಲ್ಲ. ಕತ್ತರಿಸಿದ ಹಗ್ಗ ಮತ್ತೆ ಕೂಡಿಕೊಂಡಿದ್ದರ ಬಗ್ಗೆ ಒಬ್ಬಿಬ್ಬರು ಕೇಳಬಹುದು. ಉಳಿದವರಿಗೆಲ್ಲ ಬೇಕಾಗಿರುವುದು ಆ ಮುರುಕು ಕೋಲು. "ಅಂಕಲ್, ಆ ಕೋಲು ಎಲ್ಲಿ? ನಂಗೂ ಒಂದ್ಸಲ ಕೊಡಿ." ಅದರಲ್ಲಿ ಜಾದೂವೇ ಇಲ್ಲ. ನಾನು ಹಿಡಿದಾಗ ನೆಟ್ಟಗೆ ನಿಲ್ಲುತ್ತದೆ, ಮಗುವಿನ ಕೈಗೆ ಕೊಟ್ಟ ತಕ್ಷಣ ತುಂಡು ತುಂಡಾಗಿ ಜೋತು ಬೀಳುತ್ತದೆ. ಅಷ್ಟೇ. ಆದರೂ ಆ ಅರ್ಧ ನಿಮಿಷ ಅವರ ಮನಸ್ಸಿನಲ್ಲಿ ಉಳಿದಷ್ಟು ಬೇರೆ ಯಾವುದೂ ಉಳಿಯುವುದಿಲ್ಲ.

ಜಾದೂ ಮಾಡುವವರಲ್ಲಿ ಅನೇಕರು ಇಂಥ ಸಾಮಾನುಗಳನ್ನು ಕೀಳಾಗಿ ನೋಡುತ್ತಾರೆ. ಗ್ಯಾಗ್ ಪ್ರಾಪ್ (ನಗಿಸೋಕೆ ಅಂತಲೇ ಇರುವ ಸಾಮಾನು) ಅಂದರೆ ಎರಡು ಐಟಂ ನಡುವೆ ಟೈಂ ತುಂಬಿಸೋಕೆ, ಮಕ್ಕಳನ್ನು ಸುಮ್ನೆ ಕೂರಿಸೋಕೆ ಅಂತ ಅವರ ಲೆಕ್ಕ. ಕೈಯಲ್ಲಿ ವಿದ್ಯೆ ಕಡಿಮೆ ಇರುವವನು ಜಾಸ್ತಿ ನಗಿಸುತ್ತಾನೆ ಅನ್ನೋ ಮಾತೂ ಇದೆ. ನನಗೆ ಇದು ಒಪ್ಪಿಗೆಯಿಲ್ಲ. ಜಾದೂಗಾರನ ಪೆಟ್ಟಿಗೆಯಲ್ಲಿ ಅತ್ಯಂತ ಎಚ್ಚರದಿಂದ ಬಳಸಬೇಕಾದ ಸಾಮಾನು ಅಂದರೆ ಈ ನಗಿಸುವ ಸಾಮಾನುಗಳೇ. ಯಾಕೆ ಅನ್ನೋದನ್ನು ನನಗೆ ತೋರಿಸಿಕೊಟ್ಟವರು ತಿಪಟೂರು ಕಡೆಯ ಒಬ್ಬ ಪ್ರೈಮರಿ ಶಾಲೆ ಮೇಷ್ಟ್ರು.

ಮೇಷ್ಟ್ರ ಟ್ರಂಕು

ಅವರು ವರ್ಷವಿಡೀ ಗಣಿತ ಪಾಠ ಮಾಡುತ್ತಿದ್ದರು. ವಾರ್ಷಿಕೋತ್ಸವದ ಕಾಲ ಬಂತೆಂದರೆ ಸುತ್ತಮುತ್ತಲ ಶಾಲೆಗಳಿಂದಲೂ ಕರೆ ಬರುತ್ತಿತ್ತು. ಕಬ್ಬಿಣದ ಟ್ರಂಕನ್ನು ಬಸ್ಸಿನ ಮೇಲೆ ಏರಿಸಿಕೊಂಡು ಹೋಗಿ ಜಾದೂ ಮಾಡಿ ಬರುತ್ತಿದ್ದರು. ಟ್ರಂಕು ಹೊರುವ ಕೆಲಸ ನನ್ನದು. ಅಂಗಡಿಯಿಂದ ತಂದ ಸಾಮಾನು ಅದರಲ್ಲಿ ಬಹಳ ಕಡಿಮೆ. ಮೊಲಗಳನ್ನು ಪ್ಲೈವುಡ್ಡಿನಲ್ಲಿ ಕೊಯ್ದುಕೊಟ್ಟವನು ಊರ ಬಡಗಿ, ಬಣ್ಣ ಬಳಿದವನು ಬೋರ್ಡು ಬರೆಯುವವನು. ಮುರುಕು ಮಂತ್ರದಂಡವನ್ನು ಮಾತ್ರ ಮೇಷ್ಟ್ರು ಕೈಯಾರೆ ಮಾಡಿಕೊಂಡಿದ್ದರು. ಸಣ್ಣ ಬಿದಿರಿನ ಟೊಳ್ಳು ತುಂಡುಗಳು, ಒಳಗೆ ನೈಲಾನ್ ದಾರ, ಮೇಲೆ ಕಪ್ಪು ಬಣ್ಣ, ಎರಡು ತುದಿಗೂ ಬಿಳಿ ಪಟ್ಟಿ. ದಾರ ಎಳೆದು ಹಿಡಿದರೆ ಕೋಲು, ಸಡಿಲ ಬಿಟ್ಟರೆ ಜೋತಾಡುವ ಸರ.

ಒಂದು ಶಾಲೆಯಲ್ಲಿ ನಡೆದದ್ದು ಇವತ್ತಿಗೂ ನೆನಪಿದೆ. ಶಾಮಿಯಾನದ ಕೆಳಗೆ ಊರೆಲ್ಲ ಸೇರಿತ್ತು. ಮೇಷ್ಟ್ರು ಮುಂದೆ ಕೂತಿದ್ದ ಒಬ್ಬ ಸಣ್ಣ ಹುಡುಗಿಯನ್ನು ಕರೆದರು. ಮೂರನೇ ಕ್ಲಾಸೋ ಏನೋ ಇರಬೇಕು. "ಈ ಕೋಲು ಹಿಡ್ಕೊ ಪುಟ್ಟಿ, ಡಬ್ಬಿ ಮೇಲೆ ಮೂರು ಸಲ ಆಡಿಸು" ಅಂದರು. ಅವಳು ಹಿಡಿದಳು. ಕೋಲು ಪಟಪಟ ಅಂತ ಮುರಿದು ಜೋತು ಬಿತ್ತು. ಜನ ಹೋ ಅಂತ ನಕ್ಕರು. ಆ ಹುಡುಗಿ ನಗಲಿಲ್ಲ. ಅವಳ ಕಣ್ಣು ನೇರವಾಗಿ ವೇದಿಕೆ ಪಕ್ಕ ನಿಂತಿದ್ದ ಅವಳ ಕ್ಲಾಸ್ ಟೀಚರ್ ಕಡೆ ಹೋಯಿತು. ಬಡವರ ಮನೆಯಲ್ಲಿ ಒಂದು ಲೋಟ ಒಡೆದರೂ ಬೆನ್ನಿಗೆ ಏಟು ಬೀಳುತ್ತದೆ. ಇಲ್ಲಿ ಸಾವಿರ ಕಣ್ಣಿನ ಮುಂದೆ ಹೆಡ್ಮೇಷ್ಟ್ರ ಹಾಗೆ ಕಾಣುವ ಒಬ್ಬರ ವಸ್ತು ತನ್ನ ಕೈಯಲ್ಲಿ ಮುರಿದುಹೋಗಿದೆ. ಅವಳಿಗೆ ಅದು ತಮಾಷೆ ಹೇಗಾಗಬೇಕು?

ಮೇಷ್ಟ್ರಿಗೆ ಅದು ಒಂದು ಕ್ಷಣದಲ್ಲಿ ಕಂಡಿತು. ಅವರು ಮೈಕು ಬಿಟ್ಟು ನೆಲಕ್ಕೆ ಮಂಡಿಯೂರಿ ಅವಳ ಎತ್ತರಕ್ಕೆ ಬಂದರು. "ಅಯ್ಯೋ, ನಿಂದಲ್ಲ ಕಣವ್ವ, ನಂದೇ ಮುರುಕು ಕೋಲು. ನೋಡಿಲ್ಲಿ" ಅಂತ ಅದನ್ನು ವಾಪಸ್ ತೆಗೆದುಕೊಂಡರು. ನೆಟ್ಟಗೆ ನಿಲ್ಲಿಸಿದರು. ಜನರ ಕಡೆ ತಿರುಗಿ ಜಂಬದಿಂದ ಎತ್ತಿ ತೋರಿಸಿದರು. ಅವರ ಕೈಯಲ್ಲೂ ಅದು ಮುರಿದು ಬಿತ್ತು. ಈ ಸಲ ಹುಡುಗಿ ನಕ್ಕಳು. ಆಮೇಲೆ ಟ್ರಂಕಿನಿಂದ ಇನ್ನೊಂದು ಕೋಲು ತೆಗೆದರು. ಅದು ಗಟ್ಟಿ ಬೀಟೆ ಮರದ್ದು, ಅವರು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. "ನಂದು ಸರಿಯಿಲ್ಲ, ಇದು ನಿಂದು" ಅಂತ ಅವಳ ಕೈಗೆ ಕೊಟ್ಟರು. ಅವಳು ಆಡಿಸಿದಳು. ಖಾಲಿ ತೋರಿಸಿದ್ದ ಡಬ್ಬಿಯಿಂದ ಬಣ್ಣದ ಕರವಸ್ತ್ರಗಳು ಒಂದಾದ ಮೇಲೊಂದು ಬಂದವು. ಚಪ್ಪಾಳೆ ಬಿದ್ದಾಗ ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದರು.

ಆ ರಾತ್ರಿ ಬಸ್ಸಿಗೆ ಕಾಯುವಾಗ ಅವರು ಹೇಳಿದ್ದು ಇಷ್ಟೇ: "ಕೋಲು ಮಗು ಕೈಯಲ್ಲಿ ಮುರೀಬೇಕು, ಆದ್ರೆ ತಪ್ಪು ನಮ್ಮ ತಲೆ ಮೇಲೆ ಬೀಳ್ಬೇಕು." ಅವತ್ತಿನಿಂದ ಯಾವ ಗ್ಯಾಗ್ ನೋಡಿದರೂ ನಾನು ಮೊದಲು ಗಮನಿಸುವುದು ಇದನ್ನೇ. ನಗು ಎಲ್ಲಿ ಹುಟ್ಟಿತು ಅನ್ನುವುದಕ್ಕಿಂತ ಯಾರ ಮೇಲೆ ಹೋಗಿ ಬಿತ್ತು ಅನ್ನುವುದು.

"ತಿರುಗ್ಸಿ ಸಾ, ತಿರುಗ್ಸಿ!"

ಅದೇ ಟ್ರಂಕಿನ ಪ್ಲೈವುಡ್ ಮೊಲಗಳ ಆಟ ಪ್ರಪಂಚದ ಬಹುತೇಕ ಮಕ್ಕಳ ಜಾದೂಗಾರರಿಗೆ ಗೊತ್ತಿರುವಂಥದ್ದು. ಒಂದು ಕಪ್ಪು ಮೊಲ, ಒಂದು ಬಿಳಿ ಮೊಲ. ಎರಡಕ್ಕೂ ಮುಚ್ಚಳ ಹಾಕಿ ತೆಗೆದರೆ ಮೊಲಗಳು ಜಾಗ ಬದಲಿಸಿರುತ್ತವೆ. ಆದರೆ ಮುಚ್ಚಳ ಹಾಕಿದ ಮೇಲೆ ಜಾದೂಗಾರ ಕಳ್ಳತನದಿಂದ ಹಲಗೆಯನ್ನು ತಿರುಗಿಸಿದ್ದು ಎಲ್ಲರಿಗೂ ಕಾಣಿಸುತ್ತದೆ. ಅಂದರೆ ಹಿಂದುಗಡೆ ಇನ್ನೊಂದು ಬಣ್ಣ ಇದೆ, ಇಷ್ಟೇ ಮೋಸ. ಮಕ್ಕಳು ಎದ್ದು ನಿಂತು ಕೂಗಲು ಶುರು ಮಾಡುತ್ತಾರೆ. "ತಿರುಗ್ಸಿ ಸಾ! ಹಿಂದ್ಗಡೆ ತೋರ್ಸಿ!" ಮೇಷ್ಟ್ರು ಅರ್ಥವಾಗದವರ ಹಾಗೆ ತಾವೇ ಒಂದು ಸುತ್ತು ತಿರುಗುತ್ತಿದ್ದರು. ಗಲಾಟೆ ಜಾಸ್ತಿಯಾಗುತ್ತಿತ್ತು. ಹಲಗೆಯನ್ನು ತಲೆಕೆಳಗೆ ಮಾಡಿ ತೋರಿಸುತ್ತಿದ್ದರು. ಪೂರ್ತಿ ಶಾಲೆ ಬೆಂಚಿನ ಮೇಲೆ. ಕೊನೆಗೆ ಸೋತವರಂತೆ ಎರಡನ್ನೂ ತಿರುಗಿಸಿದರೆ ಒಂದರ ಹಿಂದೆ ಕೆಂಪು, ಇನ್ನೊಂದರ ಹಿಂದೆ ಹಳದಿ.

ಆ ಬಣ್ಣ ಕಂಡಾಗಿನ ಆಶ್ಚರ್ಯ ದೊಡ್ಡದೇ. ಆದರೆ ನನ್ನನ್ನು ಕಟ್ಟಿಹಾಕುತ್ತಿದ್ದದ್ದು ಅದಕ್ಕೂ ಮುಂಚಿನ ಎರಡು ನಿಮಿಷ. ಶಾಲೆಯಲ್ಲಿ ಮಗು ಬಾಯ್ಬಿಟ್ಟು ಮೇಷ್ಟ್ರಿಗೆ "ನೀವು ಹೇಳ್ತಿರೋದು ಸುಳ್ಳು" ಅನ್ನೋಕೆ ಆಗುತ್ತಾ? ಬೋರ್ಡಿನ ಮೇಲೆ ಲೆಕ್ಕ ತಪ್ಪಾಗಿದ್ದರೂ ಎಷ್ಟೋ ಮಕ್ಕಳು ಸುಮ್ಮನೆ ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ. ಇಲ್ಲಿ ಅದೇ ಮಕ್ಕಳು, ಅದೇ ಗಣಿತದ ಮೇಷ್ಟ್ರ ಮುಂದೆ, ಎದೆ ಉಬ್ಬಿಸಿಕೊಂಡು ಕೂಗುತ್ತಿದ್ದಾರೆ: ನೀವು ಮೋಸ ಮಾಡ್ತಿದ್ದೀರಿ, ನಾವು ನೋಡಿಬಿಟ್ವಿ. ಯಾರೂ ಅವರನ್ನು ಗದರುತ್ತಿಲ್ಲ. ಪಕ್ಕದಲ್ಲಿ ಕೂತ ಅಪ್ಪ ಅಮ್ಮನೂ ನಗುತ್ತಿದ್ದಾರೆ. ನಮ್ಮ ಕಡೆಯ ಮೂಡಲಪಾಯ ಬಯಲಾಟದಲ್ಲಿ ಸಾರಥಿ ರಾಜನಿಗೇ ಅಡ್ಡ ಪ್ರಶ್ನೆ ಹಾಕಿ ಕಿಚಾಯಿಸುತ್ತಾನಲ್ಲ, ಆ ಸಲಿಗೆಯನ್ನು ಈ ಎರಡು ತುಂಡು ಪ್ಲೈವುಡ್ ಮಕ್ಕಳ ಕೈಗೆ ಕೊಡುತ್ತಿತ್ತು. ಗ್ಯಾಗ್ ಪ್ರಾಪಿನ ನಿಜವಾದ ಕೆಲಸ ಇದು ಅಂತ ನನಗನ್ನಿಸುತ್ತದೆ. ವೇದಿಕೆ ಮೇಲೆ ನಿಂತವನು ಎತ್ತರದಲ್ಲಿದ್ದಾನೆ, ಗುಟ್ಟು ಅವನ ಹತ್ತಿರ ಮಾತ್ರ ಇದೆ. ಮುರಿಯುವ ಕೋಲು, ಕಡ್ಡಿ ಕಳಚಿ ಬೀಳುವ ಬೀಸಣಿಗೆ, ಸಿಕ್ಕಿಬೀಳುವ ಮೊಲ, ಇವು ಅವನನ್ನು ಕೆಳಗಿಳಿಸಿ ಎದುರಿಗೆ ಕೂತವರನ್ನು ಮೇಲೆ ಹತ್ತಿಸುತ್ತವೆ.

ಇದರಲ್ಲಿ ಕಸುಬಿನ ಲಾಭವೂ ಇದೆ. ಜನ ಜೋರಾಗಿ ನಕ್ಕಾಗ ಮೈ ಸಡಿಲವಾಗುತ್ತದೆ. ಪಕ್ಕದವರ ಮುಖ ನೋಡುತ್ತಾರೆ. ಕೈಚಳಕ ನಡೆಯಬೇಕಾದದ್ದು ಆ ಹೊತ್ತಿನಲ್ಲೇ. "ಈಗ ಸರಿಯಾಗಿ ನೋಡಿ" ಅಂದಾಗ ಜನ ಸರಿಯಾಗಿಯೇ ನೋಡುತ್ತಾರೆ. ನಗುವಾಗ ಯಾರೂ ನೋಡುವುದಿಲ್ಲ. ಮುರುಕು ಕೋಲಿನ ಗಲಾಟೆಯಲ್ಲಿ ಮೇಷ್ಟ್ರ ಎಡಗೈ ಏನು ಮಾಡುತ್ತಿತ್ತು ಅನ್ನೋದು ಪಕ್ಕದಲ್ಲೇ ನಿಂತಿದ್ದ ನನಗೂ ಕಾಣಲು ಬಹಳ ಕಾಲ ಬೇಕಾಯಿತು.

ತಂಬಿಗೆಯ ನೀರು

ನಗಿಸುವ ಸಾಮಾನುಗಳಲ್ಲಿ ನನಗೆ ಅತ್ಯಂತ ಪ್ರೀತಿಯದ್ದು ಲೋಟಾ. ಹಿತ್ತಾಳೆಯದೋ ತಾಮ್ರದ್ದೋ ಒಂದು ತಂಬಿಗೆ. ಶೋ ಶುರುವಿನಲ್ಲಿ ಅದರಲ್ಲಿರುವ ನೀರನ್ನೆಲ್ಲ ಬಗ್ಗಿಸಿ ಸುರಿದು, ಬೋರಲು ಮಾಡಿ ತೋರಿಸಿ ಪಕ್ಕಕ್ಕಿಡುತ್ತಾರೆ. ಒಂದು ಐಟಂ ಮುಗಿಯುತ್ತದೆ. ಏನೋ ನೆನಪಾದವರಂತೆ ಮತ್ತೆ ತಂಬಿಗೆ ಎತ್ತಿದರೆ ಮತ್ತೆ ನೀರು. ಹಾಗೇ ಶೋ ಮುಗಿಯುವ ತನಕ. ಗುಟ್ಟು ಶಾಲೆಯ ವಿಜ್ಞಾನ ವಸ್ತುಪ್ರದರ್ಶನಗಳಲ್ಲೇ ಹೇಳಿಕೊಡುವಂಥದ್ದು. ಪಾತ್ರೆಯೊಳಗೆ ಇನ್ನೊಂದು ಪಾತ್ರೆ, ನಡುವೆ ನೀರು ತುಂಬಿದ ಜಾಗ, ಕಂಠದ ಹತ್ತಿರ ಒಂದು ಸಣ್ಣ ತೂತು. ತೂತಿನ ಮೇಲೆ ಬೆರಳಿಟ್ಟರೆ ಗಾಳಿ ಒಳಗೆ ಹೋಗುವುದಿಲ್ಲ, ನೀರು ಈಚೆ ಬರುವುದಿಲ್ಲ. ಬೆರಳು ತೆಗೆದು ಕೆಳಗಿಟ್ಟರೆ ಅಡಗಿದ್ದ ನೀರು ತಾನಾಗಿ ಒಳಪಾತ್ರೆಗೆ ಇಳಿಯುತ್ತದೆ.

ಈ ತಂಬಿಗೆಯನ್ನು 'ವಾಟರ್ ಆಫ್ ಇಂಡಿಯಾ' ಅನ್ನೋ ಹೆಸರಿನಲ್ಲಿ ದೇಶದೇಶದ ರಂಗಮಂದಿರಗಳಲ್ಲಿ ಮೆರೆಸಿದವರು ಬಂಗಾಳದ ಜಾದೂಗಾರ ಪಿ.ಸಿ. ಸರ್ಕಾರ್. 1913ರಲ್ಲಿ ಈಗಿನ ಬಾಂಗ್ಲಾದೇಶದ ಟಾಂಗೈಲ್‌ನಲ್ಲಿ ಹುಟ್ಟಿ, 1971ರ ಜನವರಿಯಲ್ಲಿ ಜಪಾನ್ ಪ್ರವಾಸದಲ್ಲಿದ್ದಾಗಲೇ ತೀರಿಕೊಂಡವರು. ಮಹಾರಾಜರ ಉಡುಪು, ದೊಡ್ಡ ದೊಡ್ಡ ಸೆಟ್ಟು, ಕಣ್ಣು ಕುಕ್ಕುವ ವೈಭವ. ಅದರ ನಡುನಡುವೆ ಅವರು ಬಂದು ಈ ಪುಟ್ಟ ಪಾತ್ರೆಯಿಂದ ನೀರು ಸುರಿಯುತ್ತಿದ್ದರು. ಅಷ್ಟೆಲ್ಲ ಮಾಡಬಲ್ಲ ಮಹಾರಾಜನಿಗೆ ಒಂದು ತಂಬಿಗೆ ಖಾಲಿ ಮಾಡೋಕೆ ಆಗುತ್ತಿಲ್ಲ ಅನ್ನೋದೇ ನಗು.

ನಮ್ಮ ಮೇಷ್ಟ್ರು ಅದಕ್ಕೆ ನಮ್ಮ ಸೀಮೆಯ ಮಾತು ಸೇರಿಸುತ್ತಿದ್ದರು. ಬೋರ್‌ವೆಲ್ ಬತ್ತುವ, ಕೊಡ ಹೊತ್ತು ಸಾಲಲ್ಲಿ ನಿಲ್ಲುವ ಊರುಗಳು. ಮೊದಲ ಸಲ ಸುರಿದಾಗ "ಇದು ನಮ್ಮೂರ ಕೆರೆ ನೀರು, ಮುಗೀತು" ಅನ್ನುತ್ತಿದ್ದರು. ಎರಡನೇ ಸಲ "ಇದು ಪಕ್ಕದೂರಿಂದು, ಕೇಳದೆ ತಂದಿದ್ದು." ಮೂರನೇ ಸಲಕ್ಕೆ "ಹೇಮಾವತಿ ಬಂದ್ಲು!" ಅನ್ನೋ ಹೊತ್ತಿಗೆ ಹೆಂಗಸರ ಸಾಲಿನಿಂದ ಎದ್ದ ನಗುವೇ ಬೇರೆ. ಆ ನಗುವಿನಲ್ಲಿ ದಣಿವೂ ಇತ್ತು, ಆಸೆಯೂ ಇತ್ತು. ಯಾರೂ ಸಣ್ಣವರಾಗಲಿಲ್ಲ. ಗ್ಯಾಗೂ ಅದೇ, ಜಾದೂನೂ ಅದೇ. ಎರಡನ್ನೂ ಬಿಡಿಸಿ ನೋಡಲು ಆಗದಂಥ ಇನ್ನೊಂದು ಸಾಮಾನನ್ನು ನಾನು ಕಂಡಿಲ್ಲ.

ಲಂಡನ್ನಿನ ಎರಡು ರಾತ್ರಿ

ಇದೇ ಸರ್ಕಾರ್ 1956ರ ಏಪ್ರಿಲ್ 9ರಂದು ಬಿಬಿಸಿಯ 'ಪನೋರಮಾ' ಕಾರ್ಯಕ್ರಮದಲ್ಲಿ ಒಬ್ಬ ಹುಡುಗಿಯನ್ನು ದೊಡ್ಡ ಗರಗಸದಿಂದ ಕೊಯ್ಯುವ ಐಟಂ ಮಾಡಿದರು. ಕೊಯ್ದ ಮೇಲೆ ಅವಳ ಕೈ ಉಜ್ಜಿ ಎಬ್ಬಿಸಲು ನೋಡಿದರು. ಅವಳು ಏಳಲಿಲ್ಲ. ಮುಖಕ್ಕೆ ಬಟ್ಟೆ ಹೊದಿಸಿದರು. ನಿರೂಪಕ ರಿಚರ್ಡ್ ಡಿಂಬಲ್ಬಿ ಮುಂದೆ ಬಂದು ಕಾರ್ಯಕ್ರಮ ಮುಗಿಯಿತು ಅಂದರು. ಹುಡುಗಿ ಸತ್ತೇಹೋದಳು ಅಂದುಕೊಂಡ ಜನ ಬಿಬಿಸಿಗೆ ಫೋನಿನ ಮೇಲೆ ಫೋನ್ ಮಾಡಿದರು. ಅವಳಿಗೆ ಏನೂ ಆಗಿರಲಿಲ್ಲ. ಮರುದಿನ ಸುದ್ದಿಯೆಲ್ಲ ಅದೇ.

ಇನ್ನೊಂದು ರಾತ್ರಿ 1984ರ ಏಪ್ರಿಲ್ 15. ಹರ್ ಮೆಜೆಸ್ಟೀಸ್ ಥಿಯೇಟರಿನಿಂದ ಟಿವಿಯಲ್ಲಿ ನೇರ ಪ್ರಸಾರ. ವೇದಿಕೆ ಮೇಲೆ ಟಾಮಿ ಕೂಪರ್. ವೇಲ್ಸಿನ ಕೇರ್‌ಫಿಲಿಯಲ್ಲಿ ಹುಟ್ಟಿದವರು, ಆರಡಿ ಮೀರಿದ ಆಳು, ತಲೆ ಮೇಲೆ ಕೆಂಪು ಫೆಜ್ ಟೋಪಿ. ಅವರ ಆಟವೆಲ್ಲ ಕೆಡುವ ಜಾದೂ. ಬರಬೇಕಾದ್ದು ಬರುವುದಿಲ್ಲ, ಬಿದ್ದ ಸಾಮಾನು ಎತ್ತಲು ಹೋಗಿ ಇನ್ನೊಂದು ಬೀಳುತ್ತದೆ. ಆದರೆ ಅವರು ಲಂಡನ್ನಿನ ಜಾದೂಗಾರರ ಸಂಘವಾದ ಮ್ಯಾಜಿಕ್ ಸರ್ಕಲ್ ಸದಸ್ಯರು, ಕೈ ಪಳಗಿದ ಜಾದೂಗಾರ. ಹತ್ತು ಐಟಂ ಕೆಟ್ಟ ಮೇಲೆ ಹನ್ನೊಂದನೆಯದು ಸದ್ದಿಲ್ಲದೆ ಸರಿಯಾಗಿ ಆಗಿಬಿಡುತ್ತಿತ್ತು. ಅವರ ಪ್ರಾಪುಗಳು ಮತ್ತು ಜೋಕುಗಳ ಕಡತ 2016ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಿದವು. ಒಂದೊಂದು ಜೋಕನ್ನೂ ವಿಷಯವಾರು ವಿಂಗಡಿಸಿ ಫೈಲ್ ಮಾಡಿ ಇಟ್ಟುಕೊಂಡಿದ್ದರಂತೆ. ತಲೆಬುಡವಿಲ್ಲದಂತೆ ಕಾಣುವ ಆಟದ ಹಿಂದೆ ಅಷ್ಟು ಶಿಸ್ತು.

ಆ ರಾತ್ರಿ ಅವರಿಗೆ ಉದ್ದನೆಯ ನಿಲುವಂಗಿ ತೊಡಿಸಲಾಯಿತು. ಅದರೊಳಗಿಂದ ಸಾಮಾನುಗಳನ್ನು ಒಂದೊಂದಾಗಿ ತೆಗೆಯುವ ಗ್ಯಾಗ್ ಮಾಡಬೇಕಿತ್ತು. ಅವರು ಹಾಗೇ ಹಿಂದಕ್ಕೆ ಪರದೆಗೆ ಒರಗಿ ಕುಸಿದರು. ಜನ ನಕ್ಕರು. ಹೃದಯಾಘಾತ ಅಂತ ಯಾರಿಗೂ ಹೊಳೆಯಲಿಲ್ಲ. ಜೀವಮಾನವಿಡೀ ಬೀಳುವುದನ್ನೇ ಆಟ ಮಾಡಿಕೊಂಡ ಮನುಷ್ಯ ನಿಜವಾಗಿ ಬಿದ್ದಾಗಲೂ ಅದು ಆಟದ ಹಾಗೆಯೇ ಕಂಡಿತು.

ಈ ಎರಡು ರಾತ್ರಿಗಳನ್ನು ಪಕ್ಕಪಕ್ಕ ಇಟ್ಟು ನಾನು ಬಹಳ ಸಲ ಯೋಚಿಸಿದ್ದೇನೆ. ಒಂದು ಕಡೆ ಆಟವನ್ನು ಜನ ಸಾವು ಅಂದುಕೊಂಡರು, ಇನ್ನೊಂದು ಕಡೆ ಸಾವನ್ನು ಆಟ ಅಂದುಕೊಂಡರು. ಗ್ಯಾಗ್ ಅನ್ನೋದು ಪ್ರೇಕ್ಷಕರಿಗೆ "ಇದು ಆಟ, ಹೆದರಬೇಡಿ" ಅಂತ ಕೊಡುವ ಮಾತು. 1956ರ ಆ ಕೊನೆಯ ನಿಮಿಷಗಳಲ್ಲಿ ಆ ಮಾತು ಎಲ್ಲೂ ಇರಲಿಲ್ಲ. ಕೂಪರ್ ಆ ಮಾತನ್ನು ಎಷ್ಟು ಗಟ್ಟಿಯಾಗಿ ಕೊಟ್ಟಿದ್ದರು ಅಂದರೆ ಜನ ಕೊನೆಯ ಗಳಿಗೆಯವರೆಗೂ ಅದನ್ನು ನಂಬಿದರು. ಆ ನಕ್ಕ ಜನರ ಮೇಲೆ ನನಗೆ ಕೋಪವಿಲ್ಲ. ಅಷ್ಟು ನಂಬಿಕೆ ಕಟ್ಟುವುದು ಎಷ್ಟು ದೊಡ್ಡ ಕೆಲಸ ಅಂತ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಇನ್ನೊಬ್ಬರ ಮೈ ಮೇಲಿನ ನಗು

ಆ ನಂಬಿಕೆಯನ್ನೇ ಕಾಲಲ್ಲಿ ತುಳಿಯುವ ಸಾಮಾನುಗಳೂ ಇವೆ. ಒಂದು ಕಾಲೇಜಿನ ಹಬ್ಬದಲ್ಲಿ ನೋಡಿದ್ದು. ಜಾದೂಗಾರ ಒಬ್ಬ ವಿದ್ಯಾರ್ಥಿನಿಯನ್ನು ವೇದಿಕೆಗೆ ಕರೆದ. ಎರಡು ರೇಷ್ಮೆ ಕರವಸ್ತ್ರಗಳ ತುದಿ ಗಂಟು ಹಾಕಿ, ಆ ಗಂಟನ್ನು ಅವಳ ಕುತ್ತಿಗೆ ಪಟ್ಟಿಯೊಳಗೆ ಸಿಕ್ಕಿಸಿಕೊಳ್ಳಲು ಹೇಳಿದ. ಹೊರಗಿನ ತುದಿಗಳನ್ನು ಹಿಡಿದು ಜಗ್ಗಿದಾಗ ಕರವಸ್ತ್ರಗಳ ನಡುವೆ ಒಂದು ಬ್ರಾ ಬಂತು. ಸಭಾಂಗಣ ಕಿತ್ತುಹೋಗುವಷ್ಟು ಕೂಗು. ಶಿಳ್ಳೆ. ಹುಡುಗಿಯೂ ನಕ್ಕಳು, ಆ ಹೊತ್ತಿನಲ್ಲಿ ಇನ್ನೇನು ತಾನೇ ಮಾಡಲು ಸಾಧ್ಯ? ಕೆಳಗಿಳಿದವಳು ಗೆಳತಿಯರ ಹತ್ತಿರ ಹೋಗಿ ಕೂರಲಿಲ್ಲ. ಗೋಡೆ ಪಕ್ಕ ಹಾದು ಹೊರಗೆ ಹೋದಳು. ಈ ಪ್ರಾಪ್ ಬಹಳ ಹಳೆಯದು, ಇವತ್ತಿಗೂ ಸಿಗುತ್ತದೆ. "ಜನಕ್ಕೆ ಬೇಕು, ಅದಕ್ಕೇ ಮಾಡ್ತೀವಿ" ಅನ್ನುವವರಿದ್ದಾರೆ. ನನ್ನ ಪ್ರಕಾರ ಅದನ್ನು ಪೆಟ್ಟಿಗೆಯಿಂದ ತೆಗೆದು ಎಸೆಯಬೇಕು. ಅದಕ್ಕೆ ಒಳ್ಳೆಯ ಬಳಕೆಯೇ ಇಲ್ಲ.

ಮೇಷ್ಟ್ರ ಟ್ರಂಕಿನಲ್ಲೂ ಇದೇ ಉಪಾಯದ ಒಂದು ಸಾಮಾನಿತ್ತು. ಆದರೆ ಕರವಸ್ತ್ರ ಸಿಕ್ಕಿಸಿಕೊಳ್ಳುತ್ತಿದ್ದದ್ದು ತಮ್ಮದೇ ಸೊಂಟಕ್ಕೆ. ಏಳನೇ ಕ್ಲಾಸಿನ ಹುಡುಗರನ್ನು ಕರೆದು ಎರಡು ಕಡೆ ಜಗ್ಗಲು ಹೇಳುತ್ತಿದ್ದರು. ನಡುವೆ ಒಂದು ದೊಡ್ಡ ಪಟ್ಟಾಪಟ್ಟಿ ಚಡ್ಡಿ ಬರುತ್ತಿತ್ತು. ಮೇಷ್ಟ್ರು ಪಂಚೆಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು ಪರದೆ ಹಿಂದೆ ಓಡುತ್ತಿದ್ದರು. ಮಾರನೇ ದಿನ ಅದೇ ಹುಡುಗರಿಗೆ ಅವರು ಭಿನ್ನರಾಶಿ ಹೇಳಿಕೊಡುತ್ತಿದ್ದರು. ಅವರ ಮರ್ಯಾದೆ ಒಂದು ಚೂರೂ ಕಮ್ಮಿಯಾಗಿದ್ದನ್ನು ನಾನು ನೋಡಲಿಲ್ಲ.

ಡಬ್ಬಿ ಮುಚ್ಚಳ ತೆಗೆದರೆ ಚಿಮ್ಮುವ ಸ್ಪ್ರಿಂಗ್ ಹಾವು, ಕೈ ಕುಲುಕಿದರೆ ಗಿರ್ ಅನ್ನುವ ಬಜರ್, ಇವು ಇನ್ನೊಂದು ಜಾತಿ. ಎರಡೂ ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದ ನ್ಯೂಜೆರ್ಸಿಯಲ್ಲಿ ವ್ಯಾಪಾರ ಮಾಡಿದ ಎಸ್.ಎಸ್. ಆಡಮ್ಸ್ ಅವರ ಕೈಯಿಂದ ಬಂದಂಥವು. ಬಜರಿಗೆ 1932ರಲ್ಲಿ ಪೇಟೆಂಟ್ ಕೂಡ ಸಿಕ್ಕಿತು. ನಮ್ಮ ಫ್ಯಾನ್ಸಿ ಸ್ಟೋರುಗಳಲ್ಲಿ ಸಿಗುವ ಶಾಕ್ ಹೊಡೆಯುವ ಚೂಯಿಂಗ್ ಗಮ್ ಕೂಡ ಇದೇ ವಂಶದ್ದು. ಗೆಳೆಯರ ನಡುವೆ ನಡೆಯಲಿ, ತಕರಾರಿಲ್ಲ. ಇವತ್ತು ನೀನು, ನಾಳೆ ನಾನು. ಆದರೆ ವೇದಿಕೆಗೆ ಬಂದ ಅಪರಿಚಿತರಿಗೆ ತಿರುಗಿಸಿ ಮಾಡುವ ಅವಕಾಶವೇ ಇಲ್ಲವಲ್ಲ. ಹಾವಿನ ಡಬ್ಬಿ ನನ್ನ ಹತ್ತಿರವೂ ಇದೆ. ಅದನ್ನು ತೆರೆದು ಬೆಚ್ಚಿಬೀಳುವವನು ಯಾವಾಗಲೂ ನಾನೇ.

ಗುಟ್ಟು ಗೊತ್ತಿರುವ ಮಕ್ಕಳು

ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಹುಟ್ಟುಹಬ್ಬಗಳಿಗೆ ಹೋದರೆ ಮುಂದಿನ ಸಾಲಿನ ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ. ಯೂಟ್ಯೂಬಿನಲ್ಲಿ ನೋಡಿರುತ್ತಾರೆ. ನಾಣ್ಯ ಮಾಯವಾದರೆ "ಆ ಕೈಲಿದೆ" ಅನ್ನುತ್ತಾರೆ, ಬಹಳ ಸಲ ಸರಿಯಾಗಿಯೇ ಹೇಳುತ್ತಾರೆ. ಇದು ಕಸುಬನ್ನೇ ಕೊಲ್ಲುತ್ತಿದೆ ಅಂತ ಜೊತೆಗಾರರು ಕೊರಗುವುದನ್ನು ಕೇಳಿದ್ದೇನೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಗುಟ್ಟು ಬಯಲಾದರೂ ಮುರುಕು ಕೋಲಿಗೆ ಏನೂ ಆಗಿಲ್ಲ. ಒಳಗೆ ದಾರ ಇದೆ ಅಂತ ಗೊತ್ತಿರುವ ಮಗುವೂ ಅದು ಮುರಿದಾಗ ನಗುತ್ತದೆ. ಮೊಲದ ಆಟದಲ್ಲಂತೂ "ತಿರುಗಿಸಿ" ಅಂತ ಕೂಗಬೇಕು ಅನ್ನುವುದು ಮೊದಲೇ ಗೊತ್ತಿರುವ ಮಕ್ಕಳು, ಆ ಗಳಿಗೆ ಬರಲಿ ಅಂತ ಕುರ್ಚಿಯ ಅಂಚಿಗೆ ಬಂದು ಕಾಯುತ್ತಾರೆ.

ಇತ್ತೀಚೆಗೆ ಒಂದು ಮನೆಯಲ್ಲಿ ಹತ್ತು ವರ್ಷದ ಹುಡುಗನೊಬ್ಬ ತಂಬಿಗೆ ನೋಡಿದ ಕೂಡಲೇ "ಅದ್ರಲ್ಲಿ ತೂತಿದೆ, ಬೆರಳು ಇಟ್ಕೊಂಡಿದ್ದಾರೆ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಅವನ ಅಮ್ಮ "ಸುಮ್ನಿರೋ" ಅಂತ ಕೈ ಹಿಡಿದೆಳೆದರು. ನಾನು "ಬಿಡಿ ಮೇಡಂ, ಬರ್ಲಿ" ಅಂದು ಅವನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಉಳಿದ ಮೂರು ಸಲ ನೀರು ಸುರಿಯುವ ಕೆಲಸ ಅವನದೇ ಆಯಿತು. ಬೆರಳು ಎಲ್ಲಿಡಬೇಕು, ಯಾವಾಗ ತೆಗೆಯಬೇಕು ಅಂತ ಹೇಳಿಕೊಡುವ ಅಗತ್ಯವೂ ಬೀಳಲಿಲ್ಲ. ಖಾಲಿ ಮಾಡಿ ಕೆಳಗಿಟ್ಟು, ಜನರ ಕಡೆ ನೋಡಿ, ಅವಸರ ಮಾಡದೆ ಕಾಯುವುದನ್ನು ಮಾತ್ರ ಹೇಳಿಕೊಟ್ಟೆ. ಅದನ್ನೂ ಅವನು ಬೇಗ ಕಲಿತ. ಈಗ ನನ್ನ ಶೋನಲ್ಲಿ ತಂಬಿಗೆ ಮಕ್ಕಳದ್ದೇ. ಯಾರಿಗೆ ಗುಟ್ಟು ಗೊತ್ತು ಅಂತ ಮೊದಲೇ ಕೇಳುತ್ತೇನೆ, ಕೈ ಎತ್ತಿದವರಲ್ಲಿ ಒಬ್ಬರನ್ನು ಕರೆಯುತ್ತೇನೆ. ಕೈ ಎತ್ತದ ಮಕ್ಕಳೂ ಇರುತ್ತಾರೆ. ಅವರಲ್ಲಿ ಹಿಂದೆ ಕೂತ, ಮಾತು ಕಡಿಮೆ ಇರುವ ಒಂದು ಮಗುವಿಗೆ ಬೀಟೆಯ ಕೋಲು. ಮುರುಕು ಕೋಲು ನನ್ನ ಹತ್ತಿರ.